ಕನ್ನಡ ಕರಾವಳಿಯ ಏಕಾಂತ ತೀರಗಳು

1956ನೆಯ ಇಸವಿ ನವೆಂಬರ್ 1ಕ್ಕೆ ಮುಂಚೆ ಮೈಸೂರು ರಾಜ್ಯಕ್ಕೆ ಕಡಲತಡಿಯೆಂಬುದು ಇರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕೆನರಾ ಪ್ರಾಂತವು ಕುಂಪಣಿಯ ವಶವಾಯಿತು. 1862ರಲ್ಲಿ ಅದರ ಉತ್ತರಭಾಗವು ಮುಂಬಯಿ ಆಡಳಿತಕ್ಕೆ ಸೇರಿತು. ದಕ್ಷಿಣಭಾಗವು ಮದರಾಸಿನಲ್ಲಿಯೇ ಉಳಿಯಿತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಇವೆರಡೂ ಮರಳಿ ಕೂಡಿಕೊಂಡುವು, ಕಾಸರಗೋಡೊಂದು ಕೇರಳಕ್ಕೆ ಹೋಯಿತು. ಹೀಗಾಗಿ 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ನಲವತ್ತು ವರ್ಷಗಳ ವಿದ್ಯಾರ್ಥಿಗಳಿಗೆ ಸಮುದ್ರವು ಪರರಾಜ್ಯದ ವಸ್ತುವಾಗಿದ್ದಿತು. ಇಂದಿಗೂ ಈ ಊರಿನ ವಿದ್ಯಾರ್ಥಿಯು ಮರಳೆಂಬುದನ್ನು ರಾಶಿಯಾಗಿ ಮೊದಲು ಕಾಣುವುದು ಸುಮಾರು 45 ಕಿಲೋಮೀಟರ್ ದೂರದ ತಲಕಾಡಿನಲ್ಲಿ. ಅಲ್ಲಿ ಕಾವೇರಿಯ ತಿರುವಿನ ಮರಳನ್ನು ಗಾಳಿಯು ಎತ್ತಿ ತಂದು ಗುಡಿಗಳನ್ನು ಹೂಳಿದೆ. ಹದಿನಾಲ್ಕನೆಯ ಶತಮಾನದ ಮಾಧವಮಂತ್ರಿ ಅಣೆಕಟ್ಟಿನಿಂದಾಗಿ ನದಿಯ ಪಾತ್ರದಲ್ಲಿ ಮರಳು ತೆರೆದುಬಿದ್ದುದೇ ಇದಕ್ಕೆ ಮೂಲವೆಂದು ವಾದಿಸುವ ವಿದ್ವಾಂಸರುಂಟು. ವಾದವು ನಿಲ್ಲಲಿ ಬಿಡಲಿ, ಅದರಲ್ಲಡಗಿರುವ ವಿಚಾರವೊಂದು ನಮಗೆ ಪ್ರಕೃತ ಬೇಕಾಗಿದೆ: ಮರಳು ಒಂದೆಡೆ ಕೂಡಿ ನಿಂತಿರುವುದಕ್ಕೆ ಕಾರಣವನ್ನು ಬೇರೊಂದೆಡೆ ಹುಡುಕಬೇಕಾಗುವುದು.

ಕರಾವಳಿಯಲ್ಲಿ ಜನಸಂದಣಿಯಿಲ್ಲದ, ಕೆಡದೆ ಉಳಿದ ಮರಳ ತೀರಗಳು ಎಲ್ಲಿವೆಯೆಂದು ನಮ್ಮ ವಿಭಾಗದ ವಿದ್ಯಾರ್ಥಿಗಳು ಪ್ರತಿವರ್ಷವೂ ಪ್ರವಾಸಕ್ಕೆ ಮುಂಚೆ ಕೇಳುವುದುಂಟು. ಎಲ್ಲಿವೆಯೆಂಬುದಕ್ಕಿಂತ ಅವು ಏಕೆ ಉಳಿದಿವೆಯೆಂಬುದೇ ವಿಚಾರಾರ್ಹವೆಂದು ನಮಗೆ ತೋರುತ್ತದೆ. ಏಕೆಂಬುದು ತಿಳಿದರೆ ಎಲ್ಲೆಂಬುದು ತಾನಾಗಿಯೇ ತಿಳಿಯುವುದು. ಉಳಿದಿರುವುದು ಇನ್ನೆಷ್ಟು ಕಾಲವೆಂಬುದೂ ಕೊಂಚಮಟ್ಟಿಗೆ ತಿಳಿಯುವುದು.

ಉತ್ತರದಲ್ಲಿ ಕಾರವಾರದ ಮಾಜಾಳಿಯಿಂದ ದಕ್ಷಿಣದಲ್ಲಿ ತಲಪಾಡಿಯವರೆಗೆ ನಮ್ಮ ಕರಾವಳಿಯ ಉದ್ದ ಸುಮಾರು 320 ಕಿಲೋಮೀಟರ್. ಭೂಪಟದಲ್ಲಿ ಇದು ಒಂದೇ ಗೆರೆಯಂತೆ ಕಂಡರೂ ಸ್ವಭಾವದಲ್ಲಿ ಎರಡು ಬಗೆ. ಭಟ್ಕಳದಿಂದ ಉತ್ತರಕ್ಕೆ ಸಹ್ಯಾದ್ರಿಯ ಕೈಗಳು ಕಡಲಿನವರೆಗೂ ಚಾಚಿವೆ. ಕಾರವಾರದಲ್ಲಂತೂ ಬೆಟ್ಟವು ನೀರಿನಲ್ಲಿಯೇ ಕಾಲಿಟ್ಟು ನಿಂತಂತಿದೆ. ಈ ಕೈಗಳ ತುದಿಗಳೇ ಭೂಶಿರಗಳು. ಎರಡು ಭೂಶಿರಗಳ ನಡುವೆ ಸಿಕ್ಕ ಮರಳು ಬೊಗಸೆಯಲ್ಲಿ ಹಿಡಿದಂತೆ ಚಿಕ್ಕ ಚಿಕ್ಕ ಅರ್ಧಚಂದ್ರಾಕಾರದ ತೀರಗಳಾಗಿ ನಿಂತಿರುವುದು. ದಕ್ಷಿಣಕ್ಕೆ ಬಂದಂತೆ ಬೆಟ್ಟಗಳು ಒಳಸರಿಯುವುವು. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ತೀರವು ಬಹುಪಾಲು ನೆಟ್ಟಗೆ, ಅಳಿವೆಗಳಲ್ಲಿ ಮಾತ್ರ ಕಡಿದು, ಮೈಲಿಗಟ್ಟಲೆ ಸಾಗುವುದು. ಬೈಂದೂರಿನ ಒತ್ತಿನೆಣೆಯಂತಹ ಕೆಲವೆಡೆಗಳಲ್ಲಿ ಮುರಕಲ್ಲಿನ ಗುಡ್ಡವು ಮತ್ತೆ ಕಡಲಂಚಿಗೆ ಬಂದು ಇಣಿಕಿನೋಡುತ್ತದೆ.

ಈ ಮುರಕಲ್ಲಿನ ವಿಚಾರವಾಗಿ ಒಂದು ಮಾತು. ಉತ್ತರ ಕನ್ನಡದಲ್ಲಿ ಇದನ್ನು ಚಿರೆಕಲ್ಲೆನ್ನುವರು, ಪಠ್ಯಪುಸ್ತಕಗಳು ಜಂಬಿಟ್ಟಿಗೆಯೆನ್ನುವುವು. ಶ್ರೀರಂಗಪಟ್ಟಣದ ಯುದ್ಧವು ಮುಗಿದ ಮರುವರ್ಷವೇ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನನು ಮಲಬಾರಿನ ಅಂಗಡಿಪುರದಲ್ಲಿ ಇದನ್ನು ಕಂಡು, ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಮಾತಿನಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. 1807ರಲ್ಲಿ ಅಚ್ಚಾದ ಆತನ ಪ್ರವಾಸಗ್ರಂಥದಿಂದ ಆ ಹೆಸರು ಲೋಕದ ಭೂವಿಜ್ಞಾನಕ್ಕೆಲ್ಲ ಹಬ್ಬಿತು. ನೆಲದೊಳಗಿರುವಾಗ ಗರಗಸಕ್ಕೂ ಬಗ್ಗುವ ಈ ಕಲ್ಲು ಗಾಳಿ ಬಿಸಿಲಿಗೆ ಬಿದ್ದರೆ ಗಟ್ಟಿಯಾಗುವುದು. ಕಡಲಂಚಿನ ಗುಡ್ಡಗಳಿಗೆ ಇದು ತಲೆಯ ಮೇಲಣ ಹೊದಿಕೆಯಾಗಿ ನಿಂತಿದೆ. ಕೆಳಗಿನ ಮೆತ್ತನೆಯ ಮಣ್ಣನ್ನು ತೆರೆಗಳು ಕೊರೆದಾಗ ಹೊದಿಕೆಯು ದೊಡ್ಡ ಹೆಂಟೆಗಳಾಗಿ ಉರುಳಿಬೀಳುವುದು. ಗೋಕರ್ಣದ ತೀರಗಳಲ್ಲಿ ಅಲ್ಲಲ್ಲಿ ಕಾಣುವ ತೂತುತೂತಾದ ಕೆಂಗಪ್ಪು ಬಂಡೆಗಳು ಹೀಗೆ ಬಂದವು.

ಏಕಾಂತ ತೀರಗಳ ಅಭ್ಯಾಸಕ್ಕೆ ಗೋಕರ್ಣವೇ ಉತ್ತಮವಾದ ಪಾಠಶಾಲೆ. ಊರಿನ ಮುಂದಿನ ತೀರವು ಉತ್ತರಕ್ಕೆ ಗಂಗಾವಳಿ ಅಳಿವೆಯ ಕಡೆಗೆ ನೀಳವಾಗಿ ಹೋಗುವುದು; ದಕ್ಷಿಣಕ್ಕೆ ಅಘನಾಶಿನಿಯ ಅಳಿವೆಯವರೆಗೆ ಗುಡ್ಡಗಳ ಸಾಲು. ಆ ಸಾಲಿನ ನಡುವೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂಬ ನಾಲ್ಕು ತೀರಗಳು ಒಂದಾದಮೇಲೊಂದರಂತೆ ಬರುವುವು. ಹಿಂದಿನ ಎರಡು ಹೆಸರುಗಳನ್ನು ಇಟ್ಟವರು ಹೊರಗಿನಿಂದ ಬಂದವರೆಂಬುದನ್ನು ಹೇಳಬೇಕಾಗಿಲ್ಲ. ಓಂ ತೀರದಲ್ಲಿ ಎರಡು ಬಳುಕುಗಳು ನಡುವಣ ಬಂಡೆಗಳ ಮೂತಿಯಲ್ಲಿ ಸಂಧಿಸುವುದರಿಂದ ಮೇಲಿನಿಂದ ನೋಡಿದರೆ ಓಂಕಾರದ ಆಕೃತಿಯು ಹೊಳೆಯುವುದು.

ಇಲ್ಲಿಯೇ ಏಕೆ ಮರಳು ನಿಂತಿದೆ? ಆಳವಾದ ಕಡಲಿನಲ್ಲಿ ತೆರೆಯು ನೆಟ್ಟಗಿನ ಸಾಲಾಗಿ ಬರುವುದು. ನೀರು ತೆಳುವಾದೆಡೆ ಅದರ ವೇಗವು ತಗ್ಗುವುದು. ಭೂಶಿರದ ಮುಂದೆ ತಳವು ಮೊದಲು ಮೇಲೇಳುವುದರಿಂದ ತೆರೆಯ ಆ ಭಾಗವು ಮೊದಲು ನಿಧಾನವಾಗುತ್ತದೆ; ಕೊಲ್ಲಿಯ ಮುಂದಿನ ಭಾಗವು ಮುಂದೆ ನುಗ್ಗುತ್ತದೆ; ಇಡೀ ಸಾಲು ಬಾಗುತ್ತದೆ. ಬೆಳಕಿನ ಪಾಠದಲ್ಲಿ ವಕ್ರೀಭವನವೆಂದು ಓದಿದುದೇ ಇದು. ಬಾಗಿದುದರ ಫಲವಾಗಿ ತೆರೆಯ ಶಕ್ತಿಯು ಭೂಶಿರದ ಮೇಲೆ ಕೇಂದ್ರೀಕೃತವಾಗಿ, ಕೊಲ್ಲಿಯೊಳಗೆ ಹರಡಿ ತೆಳುವಾಗುವುದು. ಏಟು ಬಿದ್ದಲ್ಲಿ ಬಂಡೆ, ಏಟು ತಗ್ಗಿದಲ್ಲಿ ಮರಳು. ಕುಡ್ಲೆಯ ಗುಡ್ಡದ ಮೇಲೆ ನಿಂತು ಸಂಜೆಯ ಓರೆಬೆಳಕಿನಲ್ಲಿ ತೆರೆಗಳ ಸಾಲನ್ನು ನೋಡಿದರೆ ಈ ಬಾಗು ಕಣ್ಣಿಗೇ ಕಾಣುವುದು. ಕಪ್ಪುಹಲಗೆಯ ಮೇಲೆ ಒಂದು ಗಂಟೆಯ ಕಾಲ ಬರೆದು ತಿಳಿಸುವುದನ್ನು ಅದು ಹತ್ತು ನಿಮಿಷಗಳಲ್ಲಿ ತಿಳಿಸುವುದು.

ಅದೇ ಭೂಶಿರಗಳು ಇನ್ನೊಂದು ಕೆಲಸವನ್ನೂ ಮಾಡಿವೆ. ಅವು ರಸ್ತೆಯನ್ನು ತಡೆದುವು. ನೆಟ್ಟಗಿನ ತೀರದಲ್ಲಿ ರಸ್ತೆಯು ಮರಳಿನ ಬೆನ್ನಿನ ಮೇಲೆಯೇ ಓಡಬಲ್ಲುದು. ಭೂಶಿರಗಳ ನಾಡಿನಲ್ಲಿ ಪ್ರತಿಯೊಂದು ತೀರಕ್ಕೂ ಗುಡ್ಡವನ್ನೇರಿ ಇಳಿಯಬೇಕು. ಹಾಫ್ ಮೂನ್, ಪ್ಯಾರಡೈಸ್ ತೀರಗಳನ್ನು ಈಗಲೂ ಕಾಲುದಾರಿಯಿಂದಲೋ ದೋಣಿಯಿಂದಲೋ ಸೇರುವುದೇ ರೂಢಿ. ಗುಡ್ಡದ ಮೇಲಿನವರೆಗೆ ಮೋಟಾರು ಹೋಗುವ ಓಂ ತೀರದಲ್ಲಿ ಸಂದಣಿಯಿದೆ. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದಮೇಲೆ ಗೋಕರ್ಣಕ್ಕೆ ಬರುವವರ ಸಂಖ್ಯೆಯು ಬೆಳೆದುದು ಎಲ್ಲರೂ ಬಲ್ಲ ಸಂಗತಿ. ಆದರೂ ಆ ಜನವು ನಾಲ್ಕು ತೀರಗಳಿಗೂ ಸಮನಾಗಿ ಹಂಚಿಹೋಗಿಲ್ಲ. ನಡಿಗೆಯ ದೂರವು ಹೆಚ್ಚಿದಷ್ಟೂ ಜನವು ವಿರಳವಾಗಿದೆ. ಸರ್ಕಾರದ ಯಾವ ಆಜ್ಞೆಯೂ ಮಾಡದ ಕೆಲಸವನ್ನು ಒಂದು ಗುಡ್ಡದ ಏರು ಮಾಡಿದೆ.

ಇದೇ ನಿಯಮವು ಮಾಜಾಳಿಯಾಚೆ ಗೋವೆಯ ಗಡಿಯ ಬಳಿಯಿರುವ ತಿಳಮಾತಿಗೂ ಅನ್ವಯಿಸುವುದು. ಗುಡ್ಡವನ್ನು ಹತ್ತಿಳಿದು ಸೇರಬೇಕಾದ ಈ ಪುಟ್ಟ ತೀರದ ಮರಳು ಎಳ್ಳಿನಂತೆ ಕಪ್ಪು. ಹೆಸರಿನ ಅರ್ಥವೂ ಎಳ್ಳುಮಣ್ಣು ಎಂದೇ. ಅಲ್ಲಿನ ಕಪ್ಪುಶಿಲೆಯು ಸವೆದು ಅಲ್ಲಿಯೇ ಮರಳಾಗಿದೆ. ಎರಡು ಭೂಶಿರಗಳ ಹಿಡಿತದಿಂದಾಗಿ ನೆರೆಯ ಬಿಳಿಮರಳು ಒಳಬರಲಿಲ್ಲ, ಕಪ್ಪುಮರಳು ಹೊರಹೋಗಲಿಲ್ಲ. ಬೇರೆ ತೀರಗಳಲ್ಲಿ ಮಳೆಗಾಲದ ತರುವಾಯ ಕಾಣುವ ಕಪ್ಪುಗೆರೆಗಳನ್ನು ಇದರೊಡನೆ ಬೆರೆಸಬಾರದು. ಅವು ಇಲ್ಮನೈಟ್, ಮ್ಯಾಗ್ನಟೈಟ್ ಮುಂತಾದ ಭಾರದ ಖನಿಜಗಳು. ತೆರೆಯು ಹಗುರವಾದ ಸ್ಫಟಿಕದ ಮರಳನ್ನು ಸೆಳೆದೊಯ್ದಾಗ ಕೇರಿದ ಮೊರದಲ್ಲಿ ಕಲ್ಲು ಉಳಿಯುವಂತೆ ಉಳಿದವು. ಜೇಬಿನಲ್ಲಿ ಒಂದು ಅಯಸ್ಕಾಂತವಿದ್ದರೆ ಮ್ಯಾಗ್ನಟೈಟನ್ನು ಕ್ಷಣದಲ್ಲಿ ಗುರುತಿಸಬಹುದು.

ಇಷ್ಟರಿಂದ ಮರಳು ಬೊಗಸೆಯಲ್ಲಿ ಅಲುಗದೆ ಕುಳಿತಿದೆಯೆಂದು ಯಾರೂ ಭಾವಿಸಬಾರದು. ಏಕಾಂತ ತೀರವು ನಿಶ್ಚಲವಾದ ತೀರವಲ್ಲ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಕರಾವಳಿಯಲ್ಲಿ 3000ಕ್ಕೂ ಮಿಕ್ಕಿ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿ. ಬೇಸಗೆಯಲ್ಲಿ ಒಂದು ಮೀಟರನ್ನೂ ಮುಟ್ಟದ ತೆರೆಗಳು ಆ ಕಾಲದಲ್ಲಿ ಮೂರು ಮೀಟರಿಗೂ ಮೀರಿ ಏಳುವುವು. ಅಂತಹ ತೆರೆಯು ತೀರಕ್ಕೆ ಅಪ್ಪಳಿಸಿ ಹಿಂದಿರುಗುವಾಗ ಮರಳನ್ನು ಕೂಡಿಯೇ ಒಯ್ಯುವುದು. ಒಯ್ದ ಮರಳು ಕಳೆದುಹೋಗುವುದಿಲ್ಲ. ದಡದಿಂದ ತುಸುದೂರದಲ್ಲಿ ನೀರಿನಡಿ ದಿಬ್ಬವಾಗಿ ನಿಲ್ಲುವುದು. ಆ ದಿಬ್ಬದ ಮೇಲೆ ಮುಂದಿನ ತೆರೆಗಳು ಮೊದಲೇ ಮುರಿದುಬೀಳುವುದರಿಂದ ದಡಕ್ಕೆ ತಗಲುವ ಏಟು ತಾನಾಗಿ ತಗ್ಗುವುದು. ಎಂದರೆ ತೀರವು ತನ್ನದೇ ಮರಳನ್ನು ಮುಂದಕ್ಕೆ ಒಡ್ಡಿ ತನ್ನನ್ನು ಕಾಪಾಡಿಕೊಳ್ಳುವುದು. ಅಕ್ಟೋಬರದಿಂದ ಮೇವರೆಗೆ ಸಣ್ಣತೆರೆಗಳು ಆ ಮರಳನ್ನು ತುಸುತುಸುವಾಗಿ ತಿರುಗಿ ತಂದೊಪ್ಪಿಸುವುವು. ಗೋಕರ್ಣದ ದಕ್ಷಿಣದ ತೀರವೊಂದರಲ್ಲಿ ಮೇ ತಿಂಗಳಿನಲ್ಲಿ ನಾವು ಪೀಠವಾಗಿ ಕುಳಿತ ಬಂಡೆಯು ಸೆಪ್ಟೆಂಬರಿನಲ್ಲಿ ಹೋದಾಗ ಎದೆಯೆತ್ತರಕ್ಕೆ ನಿಂತಿದ್ದಿತು. ಬಂಡೆಯು ಬೆಳೆಯಲಿಲ್ಲ, ಮರಳು ಇಳಿದಿದ್ದಿತು. ಆಗ ಜೊತೆಯಲ್ಲಿದ್ದ ವಿದ್ಯಾರ್ಥಿಗಳಲ್ಲಿ ಕೆಲವರು ತೀರವು ಹಾಳಾಯಿತೆಂದು ಮರುಗಿದರು. ಮಳೆಗಾಲದ ತೀರವನ್ನು ಒಂದೇ ಸಲ ನೋಡಿದವರು ಬರೆಯುವ ವರದಿಗಳಲ್ಲಿ ಈ ಮರುಕವೇ ಕಡಲಕೊರೆತವೆಂಬ ಹೆಸರು ಪಡೆಯುವುದೂ ಉಂಟು.

ದಡದ ಮೇಲಣ ಮರಳದಿಣ್ಣೆಯು ಈ ಹೋಗುಬರವಿನ ಉಗ್ರಾಣ. ಆಡಿನ ಗೊರಸಿನಂತೆ ಸೀಳಿದ ಎಲೆಯ, ನೇರಳೆಬಣ್ಣದ ಹೂವಿನ ಅಡುಂಬುಬಳ್ಳಿಯೂ, ಚೆಂಡಿನಂತಹ ಮುಳ್ಳುಗೊಂಚಲನ್ನು ಗಾಳಿಗೆ ಉರುಳಬಿಡುವ, ರಾವಣನ ಮೀಸೆಯೆಂದು ಕರೆಯುವ ಹುಲ್ಲೂ ಆ ಉಗ್ರಾಣದ ಕಾವಲುಗಾರರು. ಗಾಳಿಯು ಎರಚಿದ ಮರಳನ್ನು ಇವು ಹಿಡಿದು ದಿಣ್ಣೆ ಕಟ್ಟುವುವು. ತೀರವು ಕೆಡದೆ ಇದೆಯೋ ಇಲ್ಲವೋ ಎಂಬುದನ್ನು ಹೋಟಲುಗಳನ್ನೆಣಿಸಿ ತಿಳಿಯುವುದಕ್ಕಿಂತ ಈ ಬಳ್ಳಿಯನ್ನು ಹುಡುಕಿ ತಿಳಿಯುವುದು ಮೇಲು. ಅಚ್ಚುಕಟ್ಟಾಗಿ ನೆಟ್ಟ ಗಾಳಿಮರದ ತೋಪು ನೋಟಕ್ಕೆ ಚೆಲುವಾದರೂ ಅದು ಹೊರನಾಡಿನ ಮರ. ಅದರ ಸೂಜಿತರಗಿನ ದಟ್ಟಹಾಸಿನಡಿ ಬಳ್ಳಿಯು ಏಳುವುದು ಕಷ್ಟ. ಚಳಿಗಾಲದ ಇರುಳುಗಳಲ್ಲಿ ದಡವೇರಿ ಮರಳಿನಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲೆ ಕಡಲಾಮೆಗಳಿಗೂ ಬೇಕಾದುದು ಇಂತಹ ದಿಣ್ಣೆಯ ತಪ್ಪಲೇ. ಮರಿಗಳು ಹೊರಬಂದಾಗ ಬೆಳಕಿದ್ದ ಕಡೆಗೆ ಹರಿಯುವುವು. ಕತ್ತಲೆಯ ತೀರದಲ್ಲಿ ಬೆಳಕಿರುವುದು ಕಡಲಿನ ಮೇಲೆ, ದೀಪದ ಕಂಬಗಳಿದ್ದಲ್ಲಿ ರಸ್ತೆಯ ಮೇಲೆ.

ಏಕಾಂತವೆಂದರೆ ನಿರ್ಜನವೆಂದೂ ತಿಳಿಯಬಾರದು. ಮೊಗವೀರರು, ಖಾರ್ವಿಗಳು, ಹರಿಕಂತರು, ಅಂಬಿಗರು ತಲೆತಲಾಂತರದಿಂದ ಬಾಳಿದ ತೀರಗಳಿವು. ಮಳೆಗಾಲವು ತಗ್ಗಿದೊಡನೆ ಬಂಗುಡೆ, ಬೂತಾಯಿ ಮೀನುಗಳ ಹಿಂಡು ದಡಕ್ಕೆ ಬಂದಾಗ ರಂಪಣಿಯೆಂಬ ಮಹಾಬಲೆಯನ್ನು ದೋಣಿಯಿಂದ ಬಳಸಿಹಾಕಿ, ಎರಡು ತುದಿಗಳನ್ನೂ ದಡದಿಂದ ಹತ್ತಾರು ಜನರು ಕೂಡಿ ಎಳೆಯುತ್ತಿದ್ದರು. ಮೀನಿನಲ್ಲಿ ಎಳೆದವರಿಗೆಲ್ಲ ಪಾಲು. ರಂಪಣಿಗೆ ಬೇಕಾದುದು ಇಳಿಜಾರು ನಯವಾದ, ಬಂಡೆಯಿಲ್ಲದ, ಕಟ್ಟಡವಿಲ್ಲದ ನೀಳವಾದ ಮರಳು. ಆದುದರಿಂದ ಊರವರು ಆ ಮರಳನ್ನು ಬಯಲಾಗಿಯೇ ಬಿಟ್ಟುಕೊಂಡಿದ್ದರು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದು ಮೀನಿನ ಹಿಂಡನ್ನು ಕಡಲಿನಲ್ಲಿಯೇ ಸುತ್ತುವರಿಯಲಾರಂಭಿಸಿದ ಮೇಲೆ ರಂಪಣಿಯು ಕುಸಿಯಿತು. ಈಗ ಕಾಣುವುದು ಹೆಚ್ಚಾಗಿ ಅದರ ಕಿರಿಯ ರೂಪವಾದ ಕೈರಂಪಣಿ. ಬಲೆಯೆಳೆಯುವವರಿಲ್ಲದಾದಾಗ ಬಯಲು ಮರಳಿಗೆ ಕಾವಲೂ ಇಲ್ಲದಾಯಿತು. ತೀರವು ಮೊದಲು ಕೆಲಸವನ್ನು ಕಳೆದುಕೊಂಡು, ಅನಂತರ ಮಾರಾಟದ ನಿವೇಶನವಾಯಿತು.

ದಕ್ಷಿಣದ ನೆಟ್ಟಗಿನ ತೀರದಲ್ಲಿ ಏಕಾಂತವನ್ನು ಕಾದುದು ಗುಡ್ಡವಲ್ಲ, ನದಿ. ಸಹ್ಯಾದ್ರಿಯಿಂದಿಳಿದ ಹೊಳೆಗಳು ಕಡಲನ್ನು ಸೇರುವ ಮುನ್ನ ಮರಳಿನ ಗೋಡೆಯನ್ನೆದುರಿಸಿ ತೀರಕ್ಕೆ ಸಮಾನಾಂತರವಾಗಿ ತಿರುಗುವುವು. ಹೊಳೆಗೂ ಕಡಲಿಗೂ ನಡುವೆ ಉಳಿಯುವ ನೀಳವಾದ ಮರಳ ನಾಲಗೆಗೆ ಬೆಂಗ್ರೆಯೆಂದು ಹೆಸರು. ಸೀತಾ, ಸುವರ್ಣಾ ನದಿಗಳು ಕಡಲನ್ನು ಸೇರುವ ಕೋಡಿಬೆಂಗ್ರೆಯು ಇಂಥದು: ಪಡುವಲಲ್ಲಿ ಕಡಲು, ಮೂಡಲಲ್ಲಿ ಹೊಳೆ, ನಡುವೆ ತೆಂಗಿನ ಸಾಲು ಮತ್ತು ಒಂದೇ ರಸ್ತೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಓದಿದವರಿಗೆ ಅಲ್ಲಿಗೆ ದೂರವಲ್ಲದ ಕೋಡಿಯ ಬದುಕು ಪರಿಚಿತವಾದುದೇ. ಮರವಂತೆಯಲ್ಲಿ ಸೌಪರ್ಣಿಕೆಯು ಕಡಲಿಗೆ ಕೂಗಳತೆಯಲ್ಲಿ ಬಂದು, ಸೇರದೆ ತಿರುಗಿ, ದಕ್ಷಿಣಕ್ಕೆ ಗಂಗೊಳ್ಳಿಯವರೆಗೆ ನಡೆಯುವುದು. ಇವೆರಡರ ನಡುವಣ ಮರಳಪಟ್ಟಿಯ ಮೇಲೆ ರಾಷ್ಟ್ರೀಯ ಹೆದ್ದಾರಿ 66 ಓಡುತ್ತದೆ. ಪ್ರಯಾಣಿಕರು ಮೆಚ್ಚಿ ನಿಲ್ಲುವ ಈ ನೋಟವೇ ಭೂಗೋಳಶಾಸ್ತ್ರಜ್ಞನಿಗೆ ಕಳವಳದ ನೋಟ.

ಕಳವಳವೇಕೆಂಬುದನ್ನು ಹೇಳಬೇಕು. ಮಳೆಗಾಲದಲ್ಲಿ ಹಿಂದೆ ಸರಿದು ಬೇಸಗೆಯಲ್ಲಿ ಮುಂದೆ ಬರುವುದು ಮರಳಿನ ಧರ್ಮವೆಂದೆವಷ್ಟೆ. ಹಿಂದೆ ಸರಿಯುವ ಜಾಗದಲ್ಲಿ ಹೆದ್ದಾರಿಯಿದ್ದರೆ ಆ ಸರಿತವೇ ಅಪರಾಧವಾಗುವುದು. ಹೆದ್ದಾರಿಯನ್ನುಳಿಸಲು ಬಂಡೆಗಲ್ಲಿನ ತಡೆಗೋಡೆಯನ್ನು ಸುರಿಯುವರು. ಮರಳಿನ ಇಳಿಜಾರಿನ ಮೇಲೆ ಏರಿ ಸುಸ್ತಾಗಿ ಹಿಂಗಬೇಕಾಗಿದ್ದ ತೆರೆಯು ಗೋಡೆಗೆ ಬಡಿದು ಬಂದ ಬಲದಲ್ಲಿಯೇ ಹಿಂದಿರುಗುವುದು, ಗೋಡೆಯ ಬುಡದ ಮರಳನ್ನು ಕೆದಕಿ ಒಯ್ಯುವುದು. ದಿಣ್ಣೆಯ ಉಗ್ರಾಣವು ಗೋಡೆಯ ಹಿಂದೆ ಬಂದಿಯಾಗಿರುವುದರಿಂದ ತುಂಬಿಕೊಡುವ ಮರಳೂ ಇಲ್ಲ. ಗೋಡೆಯು ಉಳಿಯುವುದು, ರಸ್ತೆಯು ಉಳಿಯುವುದು, ತೀರವು ಹೋಗುವುದು. ಗೋಡೆಯು ಮುಗಿದೆಡೆಯಲ್ಲಿ ಆಚೆಯ ಬರಿಯ ದಡವು ಮೊದಲಿಗಿಂತ ಬೇಗನೆ ಕೊರೆಯುವುದರಿಂದ ಅಲ್ಲಿಯವರೂ ಗೋಡೆಯನ್ನು ಬೇಡುವರು. ಹೀಗೆ ಗೋಡೆಯು ಗೋಡೆಯನ್ನು ಹೆರುವುದು. ಮರವಂತೆಯಲ್ಲಿ ಅನಂತರ ಕಡಲಿಗೆ ಅಡ್ಡಲಾಗಿ ಚಾಚಿದ ಕಲ್ಲಿನ ಕಟ್ಟೆಗಳನ್ನು ನಿರ್ಮಿಸಿದುದು ಬರಿಯ ತಡೆಗೋಡೆಯು ಸಾಲದೆಂಬುದರ ಒಪ್ಪಿಗೆಯೇ ಸರಿ.

ಉಳ್ಳಾಲದ ಕಥೆಯು ಇನ್ನೂ ಕಠಿನ. ನೇತ್ರಾವತಿ, ಗುರುಪುರ ನದಿಗಳ ಜೋಡು ಅಳಿವೆಯ ಇಕ್ಕೆಲಗಳಲ್ಲಿ ಮಂಗಳೂರಿನ ಹಳೆಯ ಬಂದರಿನ ದೋಣಿಗಳ ಸಲುವಾಗಿ 1990ರ ದಶಕದಲ್ಲಿ ಅಲೆತಡೆಗಳನ್ನು ಕಟ್ಟಿದರು. ಅಳಿವೆಯು ಒಂದೆಡೆ ನಿಂತಿತು. ದಡದುದ್ದಕ್ಕೂ ಋತುವಿಗೆ ತಕ್ಕಂತೆ ಸಾಗುತ್ತಿದ್ದ ಮರಳಿನ ಹಾದಿಯೂ ನಿಂತಿತು. ದಕ್ಷಿಣದಲ್ಲಿ ಉಳ್ಳಾಲದ ದಡವು ವರ್ಷವರ್ಷವೂ ಕೊರೆದು ಮನೆಗಳು, ತೆಂಗಿನ ತೋಟಗಳು ಕಡಲ ಪಾಲಾದುವು. ಮುಂದೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಅಲೆತಡೆಗಳನ್ನು ಸರಿಪಡಿಸಿ, ನೀರಿನಡಿ ಕೃತಕ ದಿಬ್ಬಗಳನ್ನು ಕಟ್ಟುವ ಯೋಜನೆಯನ್ನು ಕೈಗೊಂಡರು. ಮಳೆಗಾಲದ ತೀರವು ತನ್ನ ಮರಳಿನಿಂದಲೇ ಬಿಟ್ಟಿಯಾಗಿ ಕಟ್ಟಿಕೊಳ್ಳುತ್ತಿದ್ದ ದಿಬ್ಬವೇ ಇದು! ಅಲೆತಡೆಯು ಬೇಡವೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಅಳಿವೆಯ ಬಾಯಲ್ಲಿ ದೋಣಿ ಮಗುಚಿ ಸತ್ತವರ ಮನೆಗಳಲ್ಲಿ ಹಾಗೆ ಹೇಳಲು ನಾವು ಸಿದ್ಧರಿಲ್ಲ. ಅದರ ಬೆಲೆಯನ್ನು ಪಕ್ಕದ ತೀರದವರು ತೆರುವರೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದಷ್ಟೆ ನಮ್ಮ ವಾದ.

ಮರಳು ಬರುವ ಹಾದಿಯೂ ಮೇಲೆಯೇ ಕಡಿಯುವುದುಂಟು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯು ಬಂದಿತು; ಕಾಳಿಗೆ ಸೂಪಾ, ಕದ್ರಾಗಳು ಬಂದುವು. ಇಂತಹ ಜಲಾಶಯಗಳಲ್ಲಿ ನೀರಿನೊಡನೆ ಹೂಳೂ ಮರಳೂ ನಿಲ್ಲುವುವು. ಅಘನಾಶಿನಿಯು ಮಾತ್ರ ಇಂದಿಗೂ ದೊಡ್ಡ ಅಣೆಕಟ್ಟಿಲ್ಲದೆ ಕಡಲನ್ನು ಸೇರುತ್ತಿದೆ. ಚಿಪ್ಪುಮೀನಿಗೂ ಉಪ್ಪುನೀರಿನಲ್ಲಿ ಬೆಳೆಯುವ ಕಗ್ಗದ ಬತ್ತಕ್ಕೂ ಹೆಸರಾದ ಅದರ ಅಳಿವೆಯು 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಗೋಕರ್ಣದ ತೀರಗಳ ನೆರೆಯಲ್ಲಿ ಇಂತಹ ನದಿಯಿರುವುದನ್ನು ಪ್ರವಾಸಿಗಳ ಕೈಪಿಡಿಗಳು ಹೇಳುವುದಿಲ್ಲ.

ಕಾನೂನಿನ ಮಾತನ್ನು ಚಿಕ್ಕದಾಗಿ ಮುಗಿಸುತ್ತೇವೆ. 1991ನೆಯ ಫೆಬ್ರವರಿ 19ರ ಕರಾವಳಿ ನಿಯಂತ್ರಣ ವಲಯದ ಪ್ರಕಟಣೆಯು ಉಬ್ಬರದ ಗೆರೆಯಿಂದ 500 ಮೀಟರಿನವರೆಗೆ ಹತೋಟಿಯನ್ನೂ, ಹಳ್ಳಿಗಾಡಿನ ತೀರಗಳಲ್ಲಿ ಮೊದಲ 200 ಮೀಟರಿನೊಳಗೆ ಹೊಸ ಕಟ್ಟಡಗಳಿಗೆ ನಿಷೇಧವನ್ನೂ ವಿಧಿಸಿತು. 2019ರ ಪ್ರಕಟಣೆಯು, ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಳಲ್ಲಿ ಈ 200ನ್ನು 50ಕ್ಕೆ ಇಳಿಸಿತು. ಕಾಸರಕೋಡು, ಪಡುಬಿದ್ರಿಗಳಿಗೆ 2020ರಲ್ಲಿ ಬ್ಲೂ ಫ್ಲಾಗ್ ಮನ್ನಣೆಯು ದೊರೆಯಿತು. ಅಲ್ಲಿ ಚೊಕ್ಕಟವೂ ಕಾವಲೂ ಇವೆ, ಏಕಾಂತವಿಲ್ಲ. ಕಾರವಾರದ ದಕ್ಷಿಣದಲ್ಲಿ ಅರ್ಗ ಮುಂತಾದ ಕೆಲವು ತೀರಗಳು 2005ರಲ್ಲಿ ಐ.ಎನ್.ಎಸ್. ಕದಂಬ ನೌಕಾನೆಲೆಯಾದುವು; ಅಲ್ಲಿ ಏಕಾಂತವಿದೆ, ಆದರೆ ಒಕ್ಕಲೆದ್ದುಹೋದ ಊರುಗಳ ಏಕಾಂತ. ಅದನ್ನು ನಾವು ಈ ಲೇಖನದ ಲೆಕ್ಕಕ್ಕೆ ತಂದುಕೊಂಡಿಲ್ಲ.

ಕಾಲೇಜಿನ ತಂಡಗಳು ಹೋಗುವುದಾದರೆ ಒಂದೇ ತೀರಕ್ಕೆ ಎರಡು ಸಲ, ಸೆಪ್ಟೆಂಬರಿನ ಕೊನೆಗೊಮ್ಮೆ ಮೇ ತಿಂಗಳ ಮೊದಲಿಗೊಮ್ಮೆ, ಹೋಗುವುದು ಹತ್ತು ತೀರಗಳನ್ನು ಒಂದೊಂದು ಸಲ ನೋಡುವುದಕ್ಕಿಂತ ಫಲಕಾರಿ. ಸಲಕರಣೆಯು ಹೆಚ್ಚೇನೂ ಬೇಡ: ಎರಡು ಮೀಟರ್ ಕೋಲುಗಳು, ಒಂದು ಹಗ್ಗ, ಒಂದು ದಿಕ್ಸೂಚಿ. ಎರಡು ಕೋಲುಗಳನ್ನು ಹಗ್ಗದ ಅಳತೆಯಲ್ಲಿ ನಿಲ್ಲಿಸಿ, ದಿಗಂತಕ್ಕೆ ಕಣ್ಣನ್ನು ಸರಿಯಾಗಿಸಿ, ದಿಣ್ಣೆಯಿಂದ ನೀರಿನವರೆಗೆ ಇಳಿಜಾರನ್ನು ಹೆಜ್ಜೆಹೆಜ್ಜೆಗೂ ಗುರುತುಮಾಡಬಹುದು. ಇಳಿತದ ಹೊತ್ತನ್ನು ಮೊದಲೇ ತಿಳಿದಿರಬೇಕು. ಇಲ್ಲಿ ಉಬ್ಬರ ಇಳಿತಗಳ ಅಂತರವು ಸುಮಾರು ಒಂದೂವರೆ ಮೀಟರಾದುದರಿಂದ ಹೊತ್ತು ತಪ್ಪಿದರೆ ಅಳತೆಯೂ ತಪ್ಪುವುದು. ಭೂಶಿರದ ಬುಡದಲ್ಲಿ, ಅಳಿವೆಯ ಬಾಯಲ್ಲಿ ನೀರಿಗಿಳಿಯಲೇಬಾರದು. ಎರಡು ಬಿಳಿನೊರೆಯ ಸಾಲುಗಳ ನಡುವೆ ನೊರೆಯಿಲ್ಲದೆ ಶಾಂತವಾಗಿ ಕಾಣುವ ಪಟ್ಟಿಯು ಕಡಲಿಗೆ ಹಿಂದಿರುಗುವ ಸೆಳವಿನ ಹಾದಿ. ಬಯಲುಸೀಮೆಯ ಹುಡುಗರು ಈಜಲು ಆರಿಸಿಕೊಳ್ಳುವುದು ಅದನ್ನೇ. ಸಿಕ್ಕಿಕೊಂಡವರು ದಡಕ್ಕೆ ನೆಟ್ಟಗೆ ಈಜದೆ ದಡದುದ್ದಕ್ಕೆ ಈಜಿ ಹೊರಬರಬೇಕು. ಅಳತೆಯನ್ನು ಆರಂಭಿಸುವ ಗುರುತಿಗೆ ತೆಂಗಿನ ಮರವನ್ನು ನಂಬಬೇಡಿ. ನಮ್ಮದೊಂದು ತಂಡವು ಹಾಗೆ ನಂಬಿ, ಮರುವರ್ಷ ಮರವೇ ಇಲ್ಲದೆ ಹಿಂದಿರುಗಿದೆ. ಬಂಡೆಯ ಮೇಲೆ ಗುರುತನ್ನಿಟ್ಟು, ಅದರ ಚಿತ್ರವನ್ನೂ ಎರಡು ದೂರದ ಗುರುತುಗಳ ದಿಕ್ಕನ್ನೂ ಬರೆದಿಟ್ಟುಕೊಂಡು ಬಂದರೆ ಮುಂದಿನ ವರ್ಷದ ವಿದ್ಯಾರ್ಥಿಗಳು ಅಲ್ಲಿಂದಲೇ ತೊಡಗಬಹುದು.